ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಯುವವರಿಗೆ: ಮೊದಲು ನಿಲ್ಲುವುದು, ಆಮೇಲೆ ಇಳಿಯುವುದು

ಫೆಬ್ರವರಿ ಮುಗಿಯುವ ಹೊತ್ತಿಗೆ ನನಗೆ ಬರುವ ಪತ್ರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಕಥೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿದ್ದಾರೆ. ಮೊದಲ ದಿನ ಸಮತಟ್ಟಾದ ಹಿಮದ ಮೇಲೆ ಎರಡು ಗಂಟೆ ಓಡಾಡಿದ್ದಾರೆ. ಎರಡನೇ ದಿನವೇ ಬೆಟ್ಟಕ್ಕೆ ಒಯ್ಯುವ ಗೊಂಡೋಲಾ, ಅಂದರೆ ಕೇಬಲ್ ಕಾರ್, ಹತ್ತಿದ್ದಾರೆ. ಅದರ ಮೊದಲ ನಿಲ್ದಾಣ ಕೊಂಗ್‌ಡೋರಿಯಿಂದ ಇಳಿಯುವಾಗ ವೇಗ ಕೈಮೀರಿದೆ, ನಿಲ್ಲಲು ಬೇರೆ ದಾರಿ ಕಾಣದೆ ಬೇಕೆಂದೇ ಬಿದ್ದಿದ್ದಾರೆ, ಮಂಡಿ ಉಳುಕಿದೆ, ಉಳಿದ ದಾರಿಯನ್ನು ಸ್ಕೀ ಹೆಗಲಿಗೇರಿಸಿ ನಡೆದು ಇಳಿದಿದ್ದಾರೆ. ಕೊನೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಸ್ಕೀ ನಮ್ಮಂಥವರಿಗೆ ಬರುವುದೇ ಇಲ್ಲವೇ?

ಖಂಡಿತ ಬರುತ್ತದೆ. ಹಿಮವನ್ನೇ ನೋಡದ ಊರಿನವರು, ಐವತ್ತು ದಾಟಿದವರು, ಈಜಲು ಕೂಡ ಬಾರದವರು ಏಳು ದಿನಗಳಲ್ಲಿ ಧೈರ್ಯವಾಗಿ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೋತವರು ಸೋತದ್ದು ಕ್ರಮ ತಪ್ಪಿದ್ದರಿಂದ. ನಿಲ್ಲುವುದನ್ನು ಕಲಿಯುವ ಮೊದಲೇ ಎತ್ತರಕ್ಕೆ ಹೋದದ್ದರಿಂದ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಅನುಸರಿಸಿ. ಒಂದು ಹಂತ ಕೈಗೆ ಹತ್ತುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಹಂತ 1: ದಿನಗಳನ್ನು ಆರಿಸುವುದು

ಕಲಿಕೆಗೆ ಹಿಮದ ಮೇಲೆ ಆರರಿಂದ ಏಳು ದಿನ ಬೇಕು. ಮೂರು ದಿನದ ಪ್ರವಾಸದಲ್ಲಿ ಒಂದು ದಿನವನ್ನು ಸ್ಕೀಗೆ ಇಟ್ಟುಕೊಂಡರೆ ಫೋಟೊ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ದೊಡ್ಡ ಹಿಮಪಾತ ಬರಬೇಕಾದ ಕಾಲವದು. ಆದರೆ ಈಚಿನ ವರ್ಷಗಳಲ್ಲಿ ಆ ಲೆಕ್ಕ ತಪ್ಪುತ್ತಿದೆ. 2024ರ ಜನವರಿಯ ಬಹುಪಾಲು ದಿನ ಗುಲ್ಮಾರ್ಗ್‌ನ ಹುಲ್ಲುಗಾವಲು ಬೋಳಾಗಿತ್ತು, ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದರು. ಖಾತರಿ ಯಾವ ತಿಂಗಳಿಗೂ ಇಲ್ಲ, ಆದರೂ ಹೊಸಬರಿಗೆ ನಾನು ಹೇಳುವುದು ಫೆಬ್ರವರಿಯ ಮೊದಲ ಮೂರು ವಾರ. ಸಂಕ್ರಾಂತಿ ರಜೆಗೇ ಹೋಗಬೇಕೆಂದು ಹಟ ಹಿಡಿಯಬೇಡಿ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಗುಲ್ಮಾರ್ಗ್‌ನಲ್ಲಿಯೇ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ದಿನವೂ ತರಬೇತಿ ನಡೆಯುವ ಇಂತಹ ಕೋರ್ಸ್ ಸಿಕ್ಕರೆ ಅದನ್ನೇ ಆರಿಸಿ. ಸೀಟುಗಳು ಬೇಗ ತುಂಬುತ್ತವೆ, ಶರತ್ಕಾಲದಲ್ಲಿಯೇ ವಿಚಾರಿಸಿ. ಕೋರ್ಸ್ ಸಿಗದಿದ್ದರೆ ಖಾಸಗಿ ತರಬೇತುದಾರರನ್ನು ಕನಿಷ್ಠ ನಾಲ್ಕು ದಿನಗಳಿಗೆ ಗೊತ್ತು ಮಾಡಿಕೊಳ್ಳಿ. ದಿನಕ್ಕೊಬ್ಬ ತರಬೇತುದಾರ ಬದಲಾದರೆ ಪ್ರತಿ ದಿನವೂ ಮೊದಲ ದಿನವೇ ಆಗುತ್ತದೆ.

ಹೊರಡುವ ಮೊದಲು ಇನ್ನೂ ಮೂರು ವಿಷಯ ನೋಡಿಕೊಳ್ಳಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್ ಆದರೂ ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಹಿಮಪಾತವಾದರೆ ವಿಮಾನಗಳು ರದ್ದಾಗುತ್ತವೆ, ಹಾಗಾಗಿ ವಾಪಸ್ಸು ಬಂದ ಮರುದಿನವೇ ಕಚೇರಿಗೆ ಹಾಜರಾಗುವ ಲೆಕ್ಕ ಹಾಕಬೇಡಿ. ಪ್ರವಾಸ ವಿಮೆ ಮಾಡಿಸಿದ್ದರೆ ಅದರಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದೂ ಓದಿ ನೋಡಿ.

ಹಂತ 2: ಆರು ವಾರ ಮೊದಲು ಕಾಲುಗಳ ತಯಾರಿ

ಸ್ಕೀ ಮಾಡುವಾಗ ದಣಿಯುವುದು ಉಸಿರಲ್ಲ, ತೊಡೆ. ಮಂಡಿ ಬಗ್ಗಿಸಿಕೊಂಡು ಇಳಿಜಾರಿನ ಸೆಳೆತವನ್ನು ತಡೆಯುವ ಕೆಲಸವೆಲ್ಲ ತೊಡೆಯ ಮುಂಭಾಗದ ಸ್ನಾಯುಗಳದು. ಮೆಟ್ಟಿಲು ಇಳಿಯುವಾಗ ಇದೇ ಸ್ನಾಯುಗಳು ಇದೇ ರೀತಿ ದುಡಿಯುತ್ತವೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗಿಂತ ಒಳ್ಳೆಯ ಸಾಧನ ಬೇರೆ ಬೇಡ. ಹತ್ತುವುದಕ್ಕಿಂತ ನಿಧಾನವಾಗಿ ಇಳಿಯುವುದೇ ಇಲ್ಲಿ ಅಭ್ಯಾಸ. ಬೇರೆಯವರು ಅಪಾರ್ಟ್‌ಮೆಂಟಿನ ಮೆಟ್ಟಿಲು ಬಳಸಲಿ: ಮೇಲಕ್ಕೆ ಲಿಫ್ಟ್, ಕೆಳಕ್ಕೆ ಕಾಲು.

ಇದರ ಜೊತೆ ಗೋಡೆಗೆ ಬೆನ್ನು ಆನಿಸಿ ಕುರ್ಚಿಯಲ್ಲಿ ಕುಳಿತಂತೆ ನಿಲ್ಲುವುದನ್ನು ಅಭ್ಯಾಸ ಮಾಡಿ. ಮೂವತ್ತು ಸೆಕೆಂಡಿನಿಂದ ಆರಂಭಿಸಿ ತೊಂಬತ್ತಕ್ಕೆ ತನ್ನಿ. ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲಿ. ಮಂಡಿ ನೋವು ಹಳೆಯದಾಗಿದ್ದರೆ ಮೂಳೆ ವೈದ್ಯರನ್ನು ಕೇಳದೆ ಟಿಕೆಟ್ ಕೊಳ್ಳಬೇಡಿ.

ಹಂತ 3: ಬಟ್ಟೆ

ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಹತ್ತಿ ಬೆವರನ್ನೂ ಹಿಮವನ್ನೂ ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೈ ಬಿಸಿಯನ್ನು ಸೆಳೆದುಬಿಡುತ್ತದೆ. ಮೈಗಂಟಿ ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳ ಉಡುಪು, ಅದರ ಮೇಲೆ ಫ್ಲೀಸ್, ಹೊರಗೆ ನೀರು ಇಳಿಯದ ಜಾಕೆಟ್ ಮತ್ತು ಪ್ಯಾಂಟ್. ಚಳಿಗೆ ಹೆದರಿ ಆರು ಪದರ ತೊಟ್ಟವರು ಅರ್ಧ ಗಂಟೆಯಲ್ಲಿ ಬೆವೆತು ನೀರಾಗುತ್ತಾರೆ, ಸಾಲಿನಲ್ಲಿ ನಿಂತಾಗ ನಡುಗುತ್ತಾರೆ.

ಹೆಲ್ಮೆಟ್ ಕಡ್ಡಾಯವೆಂದೇ ತಿಳಿಯಿರಿ. ಕೈಗವಸು ನೀರು ತಡೆಯುವಂಥದ್ದಾಗಿರಲಿ, ಬೀಳುವವರ ಕೈ ದಿನವಿಡೀ ಹಿಮದಲ್ಲೇ ಇರುತ್ತದೆ. ಗಾಗಲ್ಸ್ ಮತ್ತು ಸನ್‌ಸ್ಕ್ರೀನ್ ಮರೆಯಬೇಡಿ. ಹಿಮದಿಂದ ಪ್ರತಿಫಲಿಸುವ ಬಿಸಿಲು ಗದ್ದದ ಕೆಳಭಾಗವನ್ನೂ ಮೂಗಿನ ಹೊಳ್ಳೆಯನ್ನೂ ಸುಡುತ್ತದೆ.

ಹಂತ 4: ಬೂಟು, ಬೈಂಡಿಂಗ್, ಸ್ಕೀ

ಇಲ್ಲಿ ಅವಸರ ಮಾಡಲೇಬೇಡಿ. ಕಲಿಯಲಾಗದೆ ಬಿಟ್ಟವರಲ್ಲಿ ಬಹಳ ಮಂದಿಯ ತಪ್ಪು ಕಾಲಿನದಲ್ಲ, ಬೂಟಿನದು.

ನನ್ನ ಮೊದಲ ವರ್ಷ ಬಾಡಿಗೆ ಅಂಗಡಿಯೊಂದರಲ್ಲಿ ಬೂಟು ಹಾಕಿಕೊಂಡಾಗ ಹಾಯಾಗಿತ್ತು. ಮೂರು ದಿನ ಏನು ಮಾಡಿದರೂ ಸ್ಕೀ ತಿರುಗಲಿಲ್ಲ. ಶಕ್ತಿ ಸಾಲದೆಂದು ಇನ್ನಷ್ಟು ಒತ್ತಿದೆ, ಮೀನಖಂಡ ಬಾತುಕೊಂಡಿತು. ನಾಲ್ಕನೇ ದಿನ ತರಬೇತುದಾರರು ಬೂಟಿನ ಬಕಲ್‌ಗಳನ್ನು ಬಿಚ್ಚಿಸಿ, ಮಂಡಿ ಬಗ್ಗಿಸಲು ಹೇಳಿ, ಹಿಮ್ಮಡಿಯ ಹಿಂದೆ ಬೆರಳು ಇಳಿಸಿದರು. ಒಳಪದರದೊಳಗೇ ಎರಡು ಬೆರಳು ಸಲೀಸಾಗಿ ಹೋದವು. ಬೂಟು ಎರಡು ಅಳತೆ ದೊಡ್ಡದಿತ್ತು. ನಾನು ಒತ್ತಿದಷ್ಟೂ ಪಾದ ಬೂಟಿನೊಳಗೆ ತಿರುಗುತ್ತಿತ್ತು, ಸ್ಕೀಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಬೂಟು ಬದಲಿಸಿದ ದಿನವೇ ಮೊದಲ ತಿರುವು ಬಂತು.

ಬೂಟು ಆರಿಸುವ ಕ್ರಮ ಹೀಗೆ.

ಮನೆಯಲ್ಲಿಯೇ ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು ಪಾದದ ಉದ್ದ ಅಳೆಯಿರಿ. ಸ್ಕೀ ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ: ಪಾದ 26 ಸೆಂಟಿಮೀಟರ್ ಇದ್ದರೆ ಬೂಟು 26. ಅಂಗಡಿಯಲ್ಲಿ ಚಪ್ಪಲಿಯ ನಂಬರ್ ಹೇಳಬೇಡಿ.

ಒಂದೇ ಜೊತೆ ತೆಳುವಾದ ಉದ್ದ ಕಾಲುಚೀಲ ಹಾಕಿ. ಎರಡು ಜೊತೆ ಹಾಕಿದರೆ ಬೆಚ್ಚಗಾಗುವುದಿಲ್ಲ, ರಕ್ತ ಸಂಚಾರಕ್ಕೆ ಅಡ್ಡಿಯಾಗಿ ಬೆರಳು ಇನ್ನೂ ತಣ್ಣಗಾಗುತ್ತದೆ. ಒಳ ಪ್ಯಾಂಟಿನ ಅಂಚು ಬೂಟಿನ ಒಳಗೆ ಸೇರದಿರಲಿ, ಅದನ್ನು ಮೇಲಕ್ಕೆ ಮಡಚಿ. ಬಟ್ಟೆಯ ಒಂದು ಸುಕ್ಕು ಕೂಡ ಸಂಜೆಯ ಹೊತ್ತಿಗೆ ಗಾಯವಾಗುತ್ತದೆ.

ಸಾಧ್ಯವಾದರೆ ಬೂಟಿನ ಮೆತ್ತನೆಯ ಒಳಪದರವನ್ನು ಹೊರತೆಗೆದು ಬರಿಯ ಪ್ಲಾಸ್ಟಿಕ್ ಕವಚದಲ್ಲಿ ಪಾದ ಇಡಿ. ಬೆರಳು ಮುಂದಕ್ಕೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದೂವರೆ ಬೆರಳಿನಷ್ಟು ಜಾಗ ಉಳಿಯಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬೂಟು ದೊಡ್ಡದು.

ಒಳಪದರವನ್ನು ಮತ್ತೆ ಸೇರಿಸಿ, ಪಾದ ಇಳಿಸಿದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ. ಕೆಳಗಿನ ಬಕಲ್‌ಗಳನ್ನು ಸಡಿಲವಾಗಿ, ಮೇಲಿನವನ್ನು ಬಿಗಿಯಾಗಿ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗೋಡೆಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಎತ್ತಲು ಯತ್ನಿಸಿದರೆ ಅದು ಕದಲಬಾರದು. ಹಾಕಿಕೊಂಡು ಹತ್ತು ನಿಮಿಷ ಅಂಗಡಿಯಲ್ಲೇ ನಿಲ್ಲಿ. ಸುತ್ತಲೂ ಒಂದೇ ಸಮನೆ ಬಿಗಿ ಇದ್ದರೆ ಸರಿ. ಒಂದೇ ಕಡೆ ಚುಚ್ಚಿದರೆ, ಅಥವಾ ಪಾದ ಜೋಮು ಹಿಡಿದರೆ, ಸಂಕೋಚವಿಲ್ಲದೆ ಬೇರೆ ಕೇಳಿ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ನೀವು ಬಿದ್ದಾಗ ತಾನಾಗಿ ಕಳಚಿಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಕಳಚಬೇಕೆಂಬ ಸಂಖ್ಯೆಯನ್ನು ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ಅನುಭವ ನೋಡಿ ತಿರುಪಿನಿಂದ ಹೊಂದಿಸುತ್ತಾರೆ. ಏನನ್ನೂ ಕೇಳದೆ ಸ್ಕೀ ಕೈಗಿತ್ತರೆ ನೀವೇ ಹೇಳಿ ಹೊಂದಿಸಲು ಕೇಳಿ. ತೂಕವನ್ನು ಇದ್ದಂತೆಯೇ ಹೇಳಿ, ಅನುಭವವನ್ನು ಹೆಚ್ಚು ಹೇಳಬೇಡಿ. ಬಿಗಿಯಾದ ಬೈಂಡಿಂಗ್ ಕಳಚದೆ ಮಂಡಿಯನ್ನು ತಿರುಚುತ್ತದೆ.

ಸ್ಕೀಯ ಉದ್ದ ನಿಮ್ಮ ಎದೆ ಮತ್ತು ಗದ್ದದ ನಡುವೆ ಬಂದರೆ ಸಾಕು. ಉದ್ದವಾದದ್ದು ವೇಗ ಬಲ್ಲವರಿಗೆ.

ಹಂತ 5: ಬೀಳುವುದು, ಏಳುವುದು, ಹತ್ತುವುದು

ಮೊದಲ ದಿನದ ಬೆಳಿಗ್ಗೆ ಪೂರ್ತಿ ಇದಕ್ಕೇ ಇರಲಿ. ಬೇಸಿಗೆಯಲ್ಲಿ ಗಾಲ್ಫ್ ಮೈದಾನವಿರುವ ಬಟ್ಟಲಿನಂತಹ ಹುಲ್ಲುಗಾವಲೇ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ಎತ್ತರ 2,650 ಮೀಟರಿನ ಆಸುಪಾಸು, ಹಾಗಾಗಿ ಮೊದಲ ದಿನ ಬೇಗ ಏದುಸಿರು ಬರುತ್ತದೆ. ನೀರು ಕುಡಿಯುತ್ತಿರಿ.

ಕೋಲುಗಳನ್ನು ಪಕ್ಕಕ್ಕಿಡಿ, ಮೊದಲ ದಿನ ಅವು ಬೇಡ. ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೆರೆದು ತೆಗೆದು, ಮೊದಲು ಬೆರಳಿನ ಭಾಗ ಸೇರಿಸಿ, ಆಮೇಲೆ ಹಿಮ್ಮಡಿ ಒತ್ತಿ. ಕಟಕ್ ಎಂಬ ಸದ್ದು ಬರಬೇಕು. ಹಿಮ ಸಿಕ್ಕಿಕೊಂಡು ಅರ್ಧ ಮುಚ್ಚಿದ ಬೈಂಡಿಂಗ್ ಇಳಿಜಾರಿನ ನಡುವೆ ಕಳಚುತ್ತದೆ. ಇಳಿಜಾರಿನಲ್ಲಿ ಸ್ಕೀ ಹಾಕಿಕೊಳ್ಳುವಾಗ ಕೆಳಬದಿಯ ಕಾಲಿಗೆ ಮೊದಲು ಹಾಕಿ. ಮೇಲಿನ ಕಾಲಿಗೆ ಮೊದಲು ಹಾಕಿದರೆ ಕೆಳಗಿನ ಕಾಲು ಜಾರುತ್ತದೆ, ಮತ್ತೆ ಮತ್ತೆ ಬೀಳುತ್ತೀರಿ.

ಬೀಳುವಾಗ ಪಕ್ಕಕ್ಕೆ, ಸೊಂಟದ ಮೇಲೆ, ಬೆಟ್ಟದ ಮೇಲ್ಬದಿಗೆ ಬೀಳಿ. ಕೈ ಮುಂದಿರಲಿ. ಹಿಂದಕ್ಕೆ ಕುಳಿತಂತೆ ಬೀಳುವುದು ಮತ್ತು ಬೀಳುವ ನಡುವೆಯೇ ಏಳಲು ಒದ್ದಾಡುವುದು, ಇವೆರಡೂ ಮಂಡಿಯ ಒಳಗಿನ ಕಟ್ಟನ್ನು (ಲಿಗಮೆಂಟ್) ಹರಿಯುವ ಚಲನೆಗಳು. ಬಿದ್ದಿರೋ, ಪೂರ್ತಿ ನಿಲ್ಲುವವರೆಗೆ ಬಿದ್ದೇ ಇರಿ.

ಏಳುವಾಗ ಎರಡೂ ಸ್ಕೀಗಳನ್ನು ನಿಮಗಿಂತ ಕೆಳಗೆ, ಇಳಿಜಾರಿಗೆ ಅಡ್ಡವಾಗಿ ತನ್ನಿ. ಬಕೆಟ್ಟಿನಿಂದ ನೀರು ಸುರಿದರೆ ಅದು ಹರಿಯುವ ದಾರಿಯನ್ನು ಊಹಿಸಿಕೊಳ್ಳಿ, ಸ್ಕೀ ಆ ದಾರಿಗೆ ಅಡ್ಡಗೋಡೆಯ ಹಾಗೆ ಇರಬೇಕು. ಸ್ವಲ್ಪ ಕೆಳಕ್ಕೆ ತಿರುಗಿದ್ದರೂ ಎದ್ದ ಕೂಡಲೇ ಜಾರುತ್ತೀರಿ. ಕೈ ಊರಿ ಸೊಂಟವನ್ನು ಪಾದದ ಮೇಲಕ್ಕೆ ತಂದು ಏಳಿ. ಆಗದಿದ್ದರೆ ಮೇಲಿನ ಸ್ಕೀ ಬಿಚ್ಚಿ ಏಳಿ, ಅದರಲ್ಲಿ ಅವಮಾನವೇನಿಲ್ಲ.

ಅಡ್ಡಡ್ಡ ಹೆಜ್ಜೆಯಿಟ್ಟು ಹತ್ತು ಮೀಟರ್ ಮೇಲೇರುವುದನ್ನು ಬೇಸರವಿಲ್ಲದೆ ಮಾಡಿ. ಸ್ಕೀಯ ಅಂಚು ಹಿಮವನ್ನು ಕಚ್ಚುವುದು ಹೇಗೆಂದು ಕಾಲಿಗೆ ತಿಳಿಯುವುದು ಇಲ್ಲಿಯೇ. ನಿಲ್ಲುವುದೂ ತಿರುಗುವುದೂ ಮುಂದೆ ಇದೇ ಅಂಚಿನ ಕೆಲಸ.

ಹಂತ 6: ನೇಗಿಲು, ಅಂದರೆ ನಿಲ್ಲುವ ವಿದ್ಯೆ

ತರಬೇತುದಾರರು ಇದನ್ನು ಸ್ನೋ ಪ್ಲೋ ಎನ್ನುತ್ತಾರೆ. ಹೆಸರೇ ಹೇಳುವಂತೆ ಇದು ಹಿಮವನ್ನು ಉಳುವ ನೇಗಿಲು. ಸ್ಕೀಗಳ ಮುಂದಿನ ತುದಿಗಳು ಹತ್ತಿರ, ಒಂದು ಅಂಗೈ ಅಗಲದಷ್ಟು ಅಂತರದಲ್ಲಿ. ಹಿಂದಿನ ತುದಿಗಳು ದೂರ. ಮೇಲಿನಿಂದ ನೋಡಿದರೆ ಹೆಂಚಿನ ಮನೆಯ ಮಾಡಿನ ಆಕಾರ. ಎರಡೂ ಒಳ ಅಂಚುಗಳು ಹಿಮವನ್ನು ಕೆರೆಯುತ್ತವೆ, ವೇಗ ಇಳಿಯುತ್ತದೆ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದಷ್ಟೂ ಮಾಡು ಅಗಲವಾಗಿ ನಿಲ್ಲುತ್ತೀರಿ.

ಹೇಳಲು ಇಷ್ಟೇ. ಆದರೂ ಹತ್ತರಲ್ಲಿ ಎಂಟು ಮಂದಿ ಸೋಲುವುದು ಇಲ್ಲಿಯೇ ಎಂಬುದು ನನ್ನ ಅನುಭವ. ಕಾರಣ ಭಯ. ಇಳಿಜಾರು ಎದುರಾದಾಗ ಮೈ ತಾನಾಗಿ ಹಿಂದಕ್ಕೆ ಸರಿಯುತ್ತದೆ. ನಾವಂತೂ ಕುಕ್ಕರಗಾಲಿನಲ್ಲಿ ಕೂತು ಬೆಳೆದವರು, ಹೆದರಿದ ಕೂಡಲೇ ಸೊಂಟ ಹಿಮ್ಮಡಿಯ ಮೇಲೆ ಕುಳಿತುಬಿಡುತ್ತದೆ. ಭಾರ ಹಿಂದಕ್ಕೆ ಹೋದ ಕ್ಷಣ ಸ್ಕೀಯ ಮುಂಭಾಗ ಹಗುರವಾಗಿ ಹಿಮದ ಹಿಡಿತ ಬಿಡುತ್ತದೆ. ಆಮೇಲೆ ಎಷ್ಟು ತಳ್ಳಿದರೂ ಅದು ತಿರುಗುವುದಿಲ್ಲ, ನಿಲ್ಲುವುದಿಲ್ಲ, ಬಾಣದಂತೆ ನೇರ ಓಡುತ್ತದೆ. ವೇಗ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆ, ಇನ್ನೂ ಹಿಂದಕ್ಕೆ ವಾಲುತ್ತೀರಿ.

ಸರಿಯಾದ ಭಂಗಿಯನ್ನು ನನಗೆ ಅರ್ಥ ಮಾಡಿಸಿದ್ದು ಹತ್ತು ರೂಪಾಯಿಯ ನೋಟು. ಬೂಟಿನ ಮುಂಭಾಗದ ನಾಲಿಗೆಗೂ ಕಾಲುಚೀಲಕ್ಕೂ ನಡುವೆ, ಮೊಣಕಾಲಿನ ಕೆಳಗಿನ ಮೂಳೆಯ ಎದುರಿಗೆ, ತರಬೇತುದಾರರು ಮಡಚಿದ ನೋಟೊಂದನ್ನು ಸಿಕ್ಕಿಸಿದರು. "ಕೆಳಗೆ ಹೋಗುವವರೆಗೆ ಇದು ಸಡಿಲವಾಗಬಾರದು" ಎಂದರು. ಮೊದಲ ಮೂರು ಸಲ ಅರ್ಧ ದಾರಿಯಲ್ಲೇ ಅದು ಸಡಿಲವಾಗಿ ಬೂಟಿನೊಳಕ್ಕೆ ಜಾರಿತು. ನಾಲ್ಕನೇ ಸಲ ಕಾಲ ಮೂಳೆಯಿಂದ ನಾಲಿಗೆಯನ್ನು ಒತ್ತಿಕೊಂಡೇ ಇಳಿದೆ. ನೋಟು ಬೆಚ್ಚಗೆ, ಮೂಳೆಯ ಅಚ್ಚು ಬಿದ್ದು, ಇಟ್ಟಲ್ಲೇ ಇತ್ತು. ಆ ಸಲ ನಾನು ನಿಲ್ಲಬೇಕೆಂದುಕೊಂಡ ಜಾಗದಲ್ಲಿಯೇ ನಿಂತಿದ್ದೆ.

ಅಭ್ಯಾಸದ ಕ್ರಮ ಇದು. ಕೆಳಗೆ ಸಮತಟ್ಟಾಗಿ ಮುಗಿಯುವ ಜಾಗ ಆರಿಸಿ. ಹತ್ತು ಮೀಟರ್ ಮೇಲೆ ಹೋಗಿ. ಪಾದದ ಕೀಲನ್ನೂ ಮಂಡಿಯನ್ನೂ ಬಗ್ಗಿಸಿ. ಕಾಫಿ ಲೋಟಗಳಿರುವ ತಟ್ಟೆ ಹಿಡಿದಂತೆ ಎರಡೂ ಕೈ ಮುಂದಿರಲಿ. ಕಣ್ಣು ಸ್ಕೀಯ ತುದಿಯ ಮೇಲಲ್ಲ, ಇಪ್ಪತ್ತು ಮೀಟರ್ ಮುಂದೆ. ದಾರಿಯಲ್ಲಿ ಒಂದು ಕೈಗವಸು ಇಟ್ಟು ಅದರ ಮುಂಚೆಯೇ ನಿಲ್ಲಿ. ಹತ್ತಕ್ಕೆ ಹತ್ತು ಸಲ ನಿಲ್ಲುವವರೆಗೆ ಇದೇ ಜಾಗ. ಆಮೇಲೆ ಮತ್ತೆ ಹತ್ತು ಮೀಟರ್ ಮೇಲಿನಿಂದ.

ಪದೇ ಪದೇ ಕಾಣುವ ತಪ್ಪುಗಳು ಹಲವು. ಮುಂದಿನ ತುದಿಗಳು ಒಂದರ ಮೇಲೊಂದು ಹತ್ತಿದರೆ ಒಂದೇ ಕಾಲಿಗೆ ಭಾರ ಬಿದ್ದಿದೆ ಎಂದರ್ಥ, ಅಥವಾ ತುದಿಗಳನ್ನು ಹತ್ತಿರ ತರುವ ಆತುರ. ಹಿಮ್ಮಡಿಯನ್ನು ಹೊರಕ್ಕೆ ತಳ್ಳುವುದನ್ನಷ್ಟೇ ಯೋಚಿಸಿ, ತುದಿಗಳು ತಾವಾಗಿ ಹತ್ತಿರ ಬರುತ್ತವೆ. ಮಂಡಿಗಳು ಒಂದಕ್ಕೊಂದು ಬಡಿದರೆ ನೀವು ಮಂಡಿಯಿಂದ ಒತ್ತುತ್ತಿದ್ದೀರಿ, ಸಂಜೆ ಒಳಬದಿ ನೋಯುತ್ತದೆ. ಪಾದವನ್ನು ಒಳಕ್ಕೆ ವಾಲಿಸಿ ಒತ್ತಿ. ಕಾಲು ಕೋಲಿನಂತೆ ಸೆಟೆದಿದ್ದರೆ ಸಣ್ಣ ಉಬ್ಬಿಗೂ ಬೀಳುತ್ತೀರಿ. ಉಸಿರು ಕಟ್ಟಿದ್ದರೆ ಗಟ್ಟಿಯಾಗಿ ಎಣಿಸುತ್ತ ಇಳಿಯಿರಿ, ಎಣಿಸುವಾಗ ಉಸಿರು ಕಟ್ಟಲು ಬರುವುದಿಲ್ಲ.

ಈ ಹಂತಕ್ಕೆ ಎರಡು ದಿನ ಹಿಡಿದರೂ ಅದು ಹೆಚ್ಚಲ್ಲ.

ಹಂತ 7: ತಿರುವು

ಎಡಕ್ಕೆ ಹೋಗಲು ಬಲಗಾಲನ್ನು ಒತ್ತಿ. ಬಲಕ್ಕೆ ಹೋಗಲು ಎಡಗಾಲನ್ನು. ತಿರುವಿನ ಹೊರಬದಿಗೆ ಬರುವ ಕಾಲಿಗೆ ಭಾರ, ಇದೇ ನಿಯಮ.

ದಿನವೂ ಸ್ಕೂಟರ್ ಓಡಿಸುವವರಿಗೆ ಇದು ಕಷ್ಟ. ಸ್ಕೂಟರ್ ತಿರುಗಿಸುವಾಗ ಮೈಯನ್ನು ಒಳಬದಿಗೆ ವಾಲಿಸಿ ಅಭ್ಯಾಸವಾಗಿರುತ್ತದೆ. ಹೊಸಬರು ಸ್ಕೀಯಲ್ಲಿ ಹಾಗೆ ವಾಲಿದರೆ ಭಾರ ಒಳಗಾಲಿಗೆ ಬೀಳುತ್ತದೆ, ಹೊರಗಿನ ಸ್ಕೀ ಹಿಡಿತ ಕಳೆದುಕೊಂಡು ನೇರ ಹೋಗುತ್ತದೆ. ಸರಿಪಡಿಸಲು ಒಂದು ಸುಲಭ ದಾರಿ ಇದೆ: ಎಡಕ್ಕೆ ತಿರುಗುವಾಗ ಬಲಗೈಯಿಂದ ಬಲಮಂಡಿಯನ್ನು ಮುಟ್ಟಿ. ಭುಜ ಅತ್ತ ಬಂದರೆ ಭಾರವೂ ಅತ್ತ ಬರುತ್ತದೆ.

ಎರಡನೆಯ ತಪ್ಪು ಅವಸರ. ಸ್ಕೀ ಕೆಳಮುಖವಾಗುವ ಒಂದೆರಡು ಕ್ಷಣ ವೇಗ ಏರಿಯೇ ಏರುತ್ತದೆ. ಆಗ ಗಾಬರಿಯಿಂದ ಮೈ ತಿರುಚಬೇಡಿ. ಹೊರಗಾಲನ್ನು ಒತ್ತಿಯೇ ಇರಿ, ಸ್ಕೀ ಇಳಿಜಾರಿಗೆ ಅಡ್ಡವಾಗುತ್ತದೆ, ವೇಗ ತಾನಾಗಿ ಇಳಿಯುತ್ತದೆ. ತಿರುವನ್ನು ಪೂರ್ತಿ ಮುಗಿಸುವುದೇ ಬ್ರೇಕ್ ಎಂದು ತಿಳಿದ ದಿನ ತೊಡೆಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಈಗ ಕೋಲುಗಳನ್ನು ತೆಗೆದುಕೊಳ್ಳಬಹುದು, ಆದರೆ ಅದರ ಪಟ್ಟಿಗೆ ಮಣಿಕಟ್ಟನ್ನು ತೂರಿಸಬೇಡಿ. ಬೀಳುವಾಗ ಕೋಲು ಕೈಯಲ್ಲೇ ಸಿಕ್ಕಿಕೊಂಡರೆ ಹೆಬ್ಬೆರಳಿನ ಬುಡ ಹರಿಯುತ್ತದೆ.

ಹಂತ 8: ಡ್ರ್ಯಾಗ್ ಲಿಫ್ಟ್

ಹೊಸಬರ ಇಳಿಜಾರಿನಲ್ಲಿ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್ ಇರುತ್ತದೆ. ಅದರ ಮೇಲೆ ಕೂರಬಾರದು. ಅದು ಕುರ್ಚಿಯಲ್ಲ, ಎಳೆಯುವ ಹಗ್ಗ. ಮಂಡಿ ಸಡಿಲ ಬಿಟ್ಟು, ಸ್ಕೀಗಳನ್ನು ನೇರವಾಗಿ ಅಕ್ಕಪಕ್ಕ ಇಟ್ಟು, ಎಳೆಯಲು ಬಿಡಿ. ದುಪಟ್ಟಾ, ಮಫ್ಲರ್, ಬ್ಯಾಗಿನ ಪಟ್ಟಿ, ಉದ್ದ ಜಡೆ ಎಲ್ಲವನ್ನೂ ಜಾಕೆಟ್ಟಿನ ಒಳಗೆ ಸೇರಿಸಿ. ಬಿದ್ದರೆ ತಕ್ಷಣ ಕೈಬಿಟ್ಟು ಪಕ್ಕಕ್ಕೆ ಉರುಳಿ, ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ.

ಹಂತ 9: ಗೊಂಡೋಲಾ ಹತ್ತುವ ಮುನ್ನ

ಮೊದಲ ಹಂತದ ಗೊಂಡೋಲಾ ಕೊಂಗ್‌ಡೋರಿಗೆ, ಅಂದರೆ ಸುಮಾರು 3,080 ಮೀಟರಿಗೆ ಒಯ್ಯುತ್ತದೆ. ಅಲ್ಲಿಂದ ಕೆಳಕ್ಕೆ ಕಾಡಿನ ನಡುವಿನ ದಾರಿ, ನಾನ್ನೂರು ಮೀಟರಿನಷ್ಟು ಇಳಿತ. ಹತ್ತುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಹೇಳಿದ ಜಾಗದಲ್ಲಿ ನಿಲ್ಲಬಲ್ಲಿರಾ? ಎರಡೂ ಕಡೆಗೆ ಹತ್ತು ತಿರುವುಗಳನ್ನು ಬೀಳದೆ ಜೋಡಿಸಬಲ್ಲಿರಾ? ಇಳಿಜಾರಿನಲ್ಲಿ ಬಿದ್ದು ಯಾರ ನೆರವೂ ಇಲ್ಲದೆ ಎದ್ದು ಸ್ಕೀ ಹಾಕಿಕೊಳ್ಳಬಲ್ಲಿರಾ? ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲವೆಂದಾದರೆ ಆ ದಿನವೂ ಬಟ್ಟಲಿನಲ್ಲೇ ಇರಿ. ನಾಲ್ಕನೇ ದಿನಕ್ಕೆ ಮೊದಲು ಈ ಮೂರೂ ಕೂಡಿಬರುವುದನ್ನು ನಾನು ಕಂಡದ್ದು ಕಡಿಮೆ. ಮೇಲೆ ಹೋದ ಮೇಲೆ ಎದೆ ನಡುಗಿದರೆ ಗೊಂಡೋಲಾದಲ್ಲಿಯೇ ಕೆಳಗಿಳಿಯಿರಿ. ಜೊತೆಗೆ ಬಂದವರ ಬಲವಂತಕ್ಕೆ ಇಳಿಯಬೇಡಿ, ನಿಮ್ಮ ಮಂಡಿಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಅವರು ಇರುವುದಿಲ್ಲ.

ಎರಡನೇ ಹಂತದ ಗೊಂಡೋಲಾ ಸುಮಾರು 3,950 ಮೀಟರಿನ ಅಫರ್ವಾತ್‌ಗೆ ಹೋಗುತ್ತದೆ. ಅಲ್ಲಿಗೆ ಸ್ಕೀ ಹಿಡಿದು ಹೋಗುವುದು ಕಲಿಯುವವರಿಗೆ ಸಲ್ಲದು. ಅಲ್ಲಿರುವುದು ಯಂತ್ರದಿಂದ ಹದಗೊಳಿಸಿದ ದಾರಿಯಲ್ಲ, ಬಯಲು ಬೆಟ್ಟ. 2023ರ ಮತ್ತು 2024ರ ಫೆಬ್ರವರಿಯಲ್ಲಿ ಅಫರ್ವಾತ್ ಬದಿಯ ಹಿಮಕುಸಿತಗಳಲ್ಲಿ ವಿದೇಶದಿಂದ ಬಂದ ಸ್ಕೀಯರ್‌ಗಳು ಪ್ರಾಣ ಕಳೆದುಕೊಂಡರು.

ದಾರಿಯ ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ನಿಮಗಿಂತ ಕೆಳಗೆ, ಮುಂದೆ ಇರುವವರಿಗೆ ಆದ್ಯತೆ. ಅವರನ್ನು ತಪ್ಪಿಸುವ ಹೊಣೆ ಹಿಂದಿನಿಂದ ಬರುವ ನಿಮ್ಮದು. ಕಿರಿದಾದ ತಿರುವಿನಲ್ಲಿ, ದಿಬ್ಬದ ಮರೆಯಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಮತ್ತೆ ಹೊರಡುವಾಗ ಮೇಲಕ್ಕೆ ನೋಡಿ ಹೊರಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಇಲ್ಲೊಂದು ಮಾತು. ಅಮೆರಿಕದಲ್ಲಿ ಹಸಿರು ಗುರುತಿನ ದಾರಿ ಸುಲಭ, ನೀಲಿ ಮಧ್ಯಮ, ಕಪ್ಪು ಕಠಿಣ. ಯುರೋಪಿನ ಬಹುತೇಕ ಕಡೆ ನೀಲಿಯೇ ಸುಲಭ, ಕೆಂಪು ಮಧ್ಯಮ. ಸ್ವಿಟ್ಜರ್ಲೆಂಡಿನಲ್ಲಿ ನೀಲಿ ದಾರಿ ಇಳಿದ ಧೈರ್ಯದಲ್ಲಿ ಕ್ಯಾಲಿಫೋರ್ನಿಯಾದ ಟಾಹೋ ಸರೋವರದ ಸುತ್ತಿನ ನೀಲಿಗೆ ಹೋದವರು ಕಷ್ಟಕ್ಕೆ ಸಿಕ್ಕಿದ್ದಾರೆ.

ಹಂತ 10: ಹಿಮವನ್ನು ಓದುವುದು

ಅಕ್ಕಿ ಹಿಟ್ಟಿನಂತೆ ಹೊಸದಾಗಿ ಬಿದ್ದ ಹಿಮ ನೋಡಲು ಚೆಂದ, ಕಲಿಯಲು ಕಷ್ಟ. ಮೊಣಕಾಲುದ್ದ ಹಿಮದಲ್ಲಿ ನೇಗಿಲು ನಡೆಯುವುದಿಲ್ಲ, ಯಂತ್ರ ಓಡಾಡಿ ಹದಗೊಳಿಸುವವರೆಗೆ ಕಾಯಿರಿ. ಹದಗೊಳಿಸಿದ ಹಿಮ ಸಣ್ಣ ರವೆಯಂತಿರುತ್ತದೆ, ಹೊಸಬರಿಗೆ ಅದೇ ಹಬ್ಬ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಡಪ ಕಲ್ಲಿನಂತೆ ಹೊಳೆಯುತ್ತದೆ. ಹೊಳಪು ಕಂಡರೆ ಬಿಸಿಲೇರುವವರೆಗೆ ತಡೆಯಿರಿ. ಮಾರ್ಚ್‌ನ ಮಧ್ಯಾಹ್ನ ಹಿಮ ನೆನೆಸಿದ ಅವಲಕ್ಕಿಯಂತಾಗಿ ಸ್ಕೀಯನ್ನು ಹಿಡಿದು ನಿಲ್ಲಿಸುತ್ತದೆ. ಸ್ಕೀ ನಿಂತು ಮೈ ಮುಂದೆ ಹೋದಾಗಲೇ ಮಂಡಿ ತಿರುಚುವುದು.

ಮೋಡ ಕವಿದರೆ ನೆರಳು ಮಾಯವಾಗಿ ಉಬ್ಬುತಗ್ಗು ಕಾಣುವುದಿಲ್ಲ. ಅಂತಹ ಹೊತ್ತಿನಲ್ಲಿ ಮರಗಳ ಸಾಲು ಕಣ್ಣಿಗೆ ಬೀಳುವಂತೆ ದಾರಿಯ ಅಂಚಿನ ಹತ್ತಿರ, ನಿಧಾನವಾಗಿ ಇಳಿಯಿರಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಬೀಳುವಾಗ ಮಂಡಿಯಲ್ಲಿ ಟಪ್ ಎಂದು ಸದ್ದಾಗಿ, ಒಂದೆರಡು ಗಂಟೆಯಲ್ಲಿ ಊದಿಕೊಂಡರೆ ನೋವು ಕಡಿಮೆಯಿದ್ದರೂ ಮತ್ತೆ ಸ್ಕೀ ಹಾಕಬೇಡಿ. ವೈದ್ಯರಿಗೆ ತೋರಿಸಿ.

ಕೆನ್ನೆ, ಮೂಗಿನ ತುದಿ, ಕಿವಿ ಅಥವಾ ಬೆರಳು ಬೆಳ್ಳಗಾಗಿ ಸ್ಪರ್ಶ ತಿಳಿಯದಿದ್ದರೆ ಒಳಗೆ ಹೋಗಿ ಮೈಶಾಖದಿಂದ ಬೆಚ್ಚಗೆ ಮಾಡಿ. ಹಿಮದಿಂದ ಉಜ್ಜುವುದು, ಮರಗಟ್ಟಿದ ಬೆರಳನ್ನು ನೇರ ಕಾಂಗ್ಡಿಯ (ಕಾಶ್ಮೀರಿಗಳು ಮೈ ಕಾಯಿಸಿಕೊಳ್ಳುವ ಕೆಂಡದ ಮಡಕೆ) ಕೆಂಡಕ್ಕೆ ಒಡ್ಡುವುದು ಎರಡೂ ಅಪಾಯ. ಮರಗಟ್ಟಿದ ಚರ್ಮಕ್ಕೆ ಸುಡುವುದೇ ತಿಳಿಯುವುದಿಲ್ಲ.

ತಲೆನೋವಿನ ಜೊತೆ ವಾಂತಿ, ತೂರಾಟ ಬಂದರೆ ಕೆಳಗಿಳಿಯಿರಿ, ಮಾತ್ರೆ ನುಂಗಿ ಮೇಲಕ್ಕೆ ಹೋಗಬೇಡಿ. ಜೊತೆಯವರ ಮಾತು ತೊದಲಿದರೆ, ನಡುಕ ನಿಲ್ಲದಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ.

ಇನ್ನು ತೊಡೆ ನಡುಗತೊಡಗಿ, ಬೆಳಿಗ್ಗೆ ಬಂದ ತಿರುವು ಮಧ್ಯಾಹ್ನ ಬರದಿದ್ದರೆ ಆ ದಿನದ ಪಾಠ ಮುಗಿಯಿತು. "ಇನ್ನೊಂದೇ ಒಂದು ಸಲ" ಎಂದು ಹೋದವರನ್ನು ಸ್ಟ್ರೆಚರ್ ಮೇಲೆ ತಂದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಮಧ್ಯಾಹ್ನ ಮೂರಕ್ಕೆ ನಿಲ್ಲಿಸುವುದು ನನ್ನ ಪದ್ಧತಿ.

ಕೊನೆಯ ಸಂಜೆ

ಬೂಟು ಹಿಂತಿರುಗಿಸುವ ಮೊದಲು ಅದರ ಅಳತೆ, ತಳದ ಮೇಲೆ ಅಚ್ಚಾಗಿರುವ ಮಿಲಿಮೀಟರ್ ಸಂಖ್ಯೆ, ಸ್ಕೀಯ ಉದ್ದ ಮತ್ತು ಬೈಂಡಿಂಗ್ ಕಿಟಕಿಯಲ್ಲಿ ಕಾಣುವ ಸಂಖ್ಯೆ, ಇವಿಷ್ಟನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬೂಟು ಎಲ್ಲಿ ಒತ್ತುತ್ತಿತ್ತು, ಯಾವ ಕಡೆಯ ತಿರುವು ಇನ್ನೂ ಹಟ ಮಾಡುತ್ತಿದೆ ಎಂಬುದನ್ನೂ ಎರಡು ಸಾಲು ಬರೆದಿಡಿ. ಬಹುತೇಕರಿಗೆ ಒಂದು ಬದಿಯ ತಿರುವು ಹಿಂದುಳಿದಿರುತ್ತದೆ. ಮುಂದಿನ ಚಳಿಗಾಲದ ಮೊದಲ ಬೆಳಿಗ್ಗೆ ಅಂಗಡಿಯಲ್ಲಿ ಆ ಫೋಟೊ ತೋರಿಸಿ ಬೂಟು ಪಡೆಯಿರಿ. ತೂಕ ಬದಲಾಗಿದ್ದರೆ ಬೈಂಡಿಂಗನ್ನು ಹೊಸದಾಗಿ ಹೊಂದಿಸಿಕೊಳ್ಳಿ. ಆಮೇಲೆ ನೇರ ಬಟ್ಟಲಿಗೆ ಹೋಗಿ, ಹಿಮದ ಮೇಲೆ ಕೈಗವಸು ಇಟ್ಟು, ಅದರ ಮುಂದೆ ಹತ್ತು ಸಲ ನಿಂತು ನೋಡಿ.